ಬ್ಯಾಟರಿ ತುಂಬಿದ್ದರೂ ಇನ್ವರ್ಟರ್ ‘ಲೋ ಬ್ಯಾಟರಿ’ ಎನ್ನುವುದೇಕೆ?

ಪ್ರಶ್ನೆ: ನಮ್ಮ ಮನೆಯಲ್ಲಿ 900 ವಿಎ ಇನ್ವರ್ಟರ್ ಹಾಗೂ 12 ವೋಲ್ಟಿನ, 150 ಎಎಚ್ ಟ್ಯೂಬ್ಯುಲರ್ ಬ್ಯಾಟರಿ ಇವೆ. ರಾತ್ರಿಯಿಡೀ ಚಾರ್ಜ್ ಆಗಿ ಹಸಿರು ದೀಪ ಉರಿಯುತ್ತಿದ್ದರೂ, ಕರೆಂಟ್ ಹೋಗಿ ಎರಡು ಫ್ಯಾನು, ಟಿವಿ ಮತ್ತು ನಾಲ್ಕು ಬಲ್ಬುಗಳು ಓಡತೊಡಗಿದ ಸ್ವಲ್ಪ ಹೊತ್ತಿಗೇ ‘ಲೋ ಬ್ಯಾಟರಿ’ ಎಂದು ಕೂಗಿ ನಿಂತುಬಿಡುತ್ತದೆ. ಆಗ ಮೀಟರ್ ಹಿಡಿದು ನೋಡಿದರೆ 12.6 ವೋಲ್ಟ್ ಇರುತ್ತದೆ. ಅಂಗಡಿಯವರು ಹೊಸ ಬ್ಯಾಟರಿ ಹಾಕಿಸಿ ಎನ್ನುತ್ತಿದ್ದಾರೆ. ಹಾಕಿಸಲೇ?

ಉತ್ತರ: ಈಗಲೇ ಬೇಡ. ಇನ್ವರ್ಟರ್ ನಿಂತ ಮೇಲೆ ಅಳೆದ ವೋಲ್ಟೇಜಿನಿಂದ ಹೆಚ್ಚೇನೂ ತಿಳಿಯುವುದಿಲ್ಲ. ಲೋಡ್ ಓಡುತ್ತಿರುವಾಗಲೇ ಅಳೆಯಬೇಕು, ಅದೂ ಎರಡು ಕಡೆ. ಮೊದಲು ಮೀಟರಿನ ಕಡ್ಡಿಗಳನ್ನು ಬ್ಯಾಟರಿಯ ಸೀಸದ ಕಂಬಗಳ ಮೇಲೆಯೇ ಇಡಿ, ಆಮೇಲೆ ಅದೇ ಕೇಬಲ್‌ಗಳು ಇನ್ವರ್ಟರಿಗೆ ಸೇರುವ ಜಾಗದಲ್ಲಿ ಇಡಿ. ನಿಮ್ಮ ಲೋಡ್ ಸುಮಾರು 300 ವಾಟ್ ಎಂದುಕೊಂಡರೆ ಬ್ಯಾಟರಿಯಿಂದ 30 ಆಂಪಿಯರಿನಷ್ಟು ಕರೆಂಟ್ ಹರಿಯುತ್ತದೆ. ಕಿಲುಬು ಹಿಡಿದ ಲಗ್ಗಿನಲ್ಲಿ (ಕೇಬಲಿನ ತುದಿಯಲ್ಲಿ ಕಂಬಕ್ಕೆ ಬಿಗಿಯುವ ಲೋಹದ ಕೊಂಡಿ) ಕೇವಲ 0.05 ಓಮ್ ಪ್ರತಿರೋಧವಿದ್ದರೂ 1.5 ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ. ಕಂಬಗಳಲ್ಲಿ 12.2 ಇದ್ದರೂ ಇನ್ವರ್ಟರಿಗೆ ಕಾಣುವುದು 10.7 ಮಾತ್ರ. ಬಹುತೇಕ ಯಂತ್ರಗಳು 10.5ರ ಆಸುಪಾಸಿನಲ್ಲಿ ಕಟ್ ಆಗುವುದರಿಂದ, ಅದು ಕೂಗುವುದು ಸರಿಯೇ, ತಪ್ಪು ಬ್ಯಾಟರಿಯದಲ್ಲ.

ಎರಡೂ ಕಡೆ ಒಂದೇ ರೀತಿ ವೋಲ್ಟೇಜ್ ಕುಸಿದರೆ ಮಾತ್ರ ಬ್ಯಾಟರಿಯನ್ನು ಶಂಕಿಸಿ, ಆಮ್ಲದ ಸಾಪೇಕ್ಷ ಸಾಂದ್ರತೆ ಅಳೆಯುವ ಹೈಡ್ರೋಮೀಟರಿನಿಂದ ಆರೂ ಸೆಲ್‌ಗಳನ್ನು ನೋಡಿ. ಒಂದು ಸೆಲ್ಲಿನ ಅಳತೆ ಉಳಿದವುಗಳಿಗಿಂತ 0.050ರಷ್ಟು ಕೆಳಗಿದ್ದರೆ ಆ ಸೆಲ್ ಸೋತಿದೆ ಎನ್ನಬಹುದು. ಹಸಿರು ದೀಪವನ್ನಂತೂ ನಂಬಬೇಡಿ: ಸಲ್ಫೇಟ್ ಕಟ್ಟಿದ ಬ್ಯಾಟರಿಯ ವೋಲ್ಟೇಜ್ ಬೇಗನೆ ಏರುವುದರಿಂದ, ಚಾರ್ಜರ್ ಅದನ್ನು ತುಂಬಿತೆಂದೇ ಲೆಕ್ಕ ಹಾಕುತ್ತದೆ.

ಅದೇ ಪ್ರಶ್ನೆದಾರರು: ಅಳೆದೆ. ಕಂಬಗಳಲ್ಲಿ 12.1, ಇನ್ವರ್ಟರ್ ಬಳಿ 10.8. ಮೈನಸ್ ಲಗ್ಗಿನ ಮೇಲೆ ನೀಲಿ-ಹಸಿರು ಪುಡಿ ಕಟ್ಟಿದೆ. ಉಜ್ಜಿದರೆ ಸಾಕೇ?

ಉತ್ತರ: ಸಾಲದು. ಆಮ್ಲ ತಾಮ್ರದ ಎಳೆಗಳ ಒಳಗೂ ಏರಿರುತ್ತದೆ. ತಂತಿಯನ್ನು ಹೊಳೆಯುವ ತಾಮ್ರ ಕಾಣುವವರೆಗೆ ಕತ್ತರಿಸಿ, ಹೊಸ ಲಗ್ ಒತ್ತಿಸಿ, ಬಿಗಿಮಾಡಿದ ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿ. ಕೆಲಸಕ್ಕೆ ಮುನ್ನ ಇನ್ವರ್ಟರ್ ಆರಿಸಿ, ಪ್ಲಗ್ ಕಿತ್ತು, ಕಿಟಕಿ ತೆರೆದಿಡಿ, ಏಕೆಂದರೆ ಚಾರ್ಜ್ ಆದ ಬ್ಯಾಟರಿಯ ಸುತ್ತ ಹೈಡ್ರೋಜನ್ ಇರುತ್ತದೆ. ಮೈನಸ್ಸನ್ನು ಮೊದಲು ಬಿಚ್ಚಿ, ಕೊನೆಗೆ ಜೋಡಿಸಿ.

ಇನ್ನೊಬ್ಬ ಸದಸ್ಯರು: ನಮ್ಮದು ಹಳ್ಳಿ. ಪಂಪ್‌ಸೆಟ್‌ಗಳು ಓಡುವ ಹೊತ್ತಿನಲ್ಲಿ ವೋಲ್ಟೇಜ್ 165ಕ್ಕೆ ಇಳಿಯುತ್ತದೆ; ಲೈನಿನಲ್ಲಿ ಕರೆಂಟ್ ಇದ್ದರೂ ಇನ್ವರ್ಟರ್ ಬ್ಯಾಟರಿಯಲ್ಲೇ ಓಡುತ್ತದೆ.

ಉತ್ತರ: ಹಿಂಬದಿಯ ಸ್ವಿಚ್ ‘ಯುಪಿಎಸ್’ ಎಂಬಲ್ಲಿ ಇದ್ದಿರಬೇಕು. ಆ ಸ್ಥಿತಿಯಲ್ಲಿ ಸಾಮಾನ್ಯವಾಗಿ 180 ವೋಲ್ಟಿಗಿಂತ ಕಡಿಮೆ ಬಂದರೆ ಯಂತ್ರವು ಕರೆಂಟ್ ಇಲ್ಲವೆಂದೇ ತಿಳಿಯುತ್ತದೆ. ‘ನಾರ್ಮಲ್’ಗೆ ಬದಲಿಸಿದರೆ ಇನ್ನೂ ಕಡಿಮೆ ವೋಲ್ಟೇಜಿನಲ್ಲೂ ಚಾರ್ಜ್ ಮಾಡುತ್ತದೆ, ಕರೆಂಟ್ ಹೋದ ಕ್ಷಣದಲ್ಲಿ ಡೆಸ್ಕ್‌ಟಾಪ್ ಕಂಪ್ಯೂಟರ್ ಮಾತ್ರ ರೀಸ್ಟಾರ್ಟ್ ಆಗಬಹುದು.