ಸಹಾಯ ಬೇಕು: ಸಿಯಾಟಲ್ ಏರ್‌ಪೋರ್ಟ್ ಪಕ್ಕದ ಊರುಗಳಿಗೆ ಸಿಗುವ ಅನುದಾನದ ಅರ್ಜಿ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಬ್ಯೂರಿಯನ್‌ನಲ್ಲಿ, ಸೀ-ಟ್ಯಾಕ್ (ಸಿಯಾಟಲ್) ಏರ್‌ಪೋರ್ಟ್ ಪಕ್ಕದಲ್ಲೇ. 2008ರಲ್ಲಿ ಮೂರನೇ ರನ್‌ವೇ ಶುರುವಾದ ಮೇಲೆ ವಿಮಾನಗಳು ಇನ್ನೂ ಹತ್ತಿರ ಬಂದಿವೆ. ಒಂದೊಂದು ಹಾದುಹೋಗುವಾಗಲೂ ಅಡುಗೆಮನೆಯ ಸ್ಟೀಲ್ ಲೋಟಗಳು ಗಲಗಲ ಅನ್ನುತ್ತವೆ. ಊರಿಂದ ಫೋನ್ ಮಾಡುವ ಅಮ್ಮ ಮಾತು ನಿಲ್ಲಿಸಿ ಕಾಯುತ್ತಾರೆ.

ಗಿಡ ನೆಡಲು, ಪಾರ್ಕ್ ಸರಿಮಾಡಲು ಇಲ್ಲಿನ ಸಣ್ಣ ಗುಂಪುಗಳಿಗೆ ಏರ್‌ಪೋರ್ಟ್ ನಡೆಸುವ ಸರ್ಕಾರಿ ಸಂಸ್ಥೆ ಪೋರ್ಟ್ ಆಫ್ ಸಿಯಾಟಲ್ 20,000 ಡಾಲರ್‌ವರೆಗೆ ಅನುದಾನ ಕೊಡುತ್ತದೆ, ಅಲ್ವಾ? ನಮ್ಮ ಬೀದಿಯ ಎಂಟು ಮನೆಯವರು ಸೇರಿ ಪಾರ್ಕಿನ ಬ್ಲ್ಯಾಕ್‌ಬೆರಿ ಮುಳ್ಳುಪೊದೆ ಕಿತ್ತು ಸೀಡರ್ ಗಿಡ ಹಾಕಬೇಕು ಅಂತಿದ್ದೇವೆ. ದುಡಿಯಲು ಎಲ್ಲರೂ ತಯಾರು. ಬಜೆಟ್ ಬರೆಯುವುದೇ ಗೊತ್ತಾಗುತ್ತಿಲ್ಲ.

ಈ ಅರ್ಜಿ ಹಾಕಿದವರು ಯಾರಾದರೂ ಇದ್ದೀರಾ? ನಾವೇ ದುಡಿದ ಗಂಟೆಗಳನ್ನು ಲೆಕ್ಕದಲ್ಲಿ ಹೇಗೆ ತೋರಿಸಿದಿರಿ? ಹಳೇ ಅರ್ಜಿ ಇದ್ದರೆ ದಯವಿಟ್ಟು ಕಳಿಸಿ. ಹತ್ತಿರದವರಾದರೆ ಶನಿವಾರ ಮನೆಗೇ ಬನ್ನಿ, ಕಾಫಿ ಕುಡಿಯುತ್ತಾ ಕೂತು ಬರೆಯೋಣ.