ಪದಚರ್ಚೆ: ಟಂಕಸಾಲೆಯಲ್ಲೇ ಕೆಟ್ಟ ನಾಣ್ಯಕ್ಕೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ತುಮಕೂರಿನಲ್ಲಿ ನಾಣ್ಯ ಕೂಡಿಡುವ ಹೈಸ್ಕೂಲು ಮಕ್ಕಳಿಗಾಗಿ ಒಂದು ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ಜೇಬಿನ ಚಿಲ್ಲರೆಯಲ್ಲಿ ವಿಚಿತ್ರವಾದದ್ದು ಸಿಕ್ಕರೆ ಅದು ಏನು ಅಂತ ಗುರುತಿಸುವುದು ಹೇಗೆ ಅನ್ನೋದು ವಿಷಯ. ಟಂಕಸಾಲೆಯಿಂದಲೇ ತಪ್ಪಾಗಿ ಬಂದದ್ದು, ಜನರ ಕೈಯಲ್ಲಿ ಹಾಳಾದದ್ದು, ಯಾರೋ ಕದ್ದು ಮಾಡಿದ್ದು. ಮೂರಕ್ಕೂ ಬೇರೆ ಬೇರೆ ಪದ ಬೇಕು. ಕೊನೆಯದಕ್ಕೆ ‘ಖೋಟಾ’ ಇದೆ, ಚಿಂತೆಯಿಲ್ಲ. ಮೊದಲ ಎರಡರಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ.

ಅಂಗಡಿಯವರ ಬಾಯಲ್ಲಿ ಎಲ್ಲವೂ ‘ಡೂಪ್ಲಿಕೇಟ್’. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಹತ್ತು ರೂಪಾಯಿ ನಾಣ್ಯ ಚಾಚಿದರೆ ‘ಇದು ನಡೆಯಲ್ಲ ಸಾರ್’ ಅನ್ನುವ ಗಲ್ಲಾದವರು ಇನ್ನೂ ಇದ್ದಾರೆ. ಹತ್ತು ಗೆರೆಯದು ಅಸಲಿ, ಹದಿನೈದು ಗೆರೆಯದು ನಕಲಿ ಅಂತ ಯಾರೋ ಹಬ್ಬಿಸಿದ ಮಾತು. ಹತ್ತು ರೂಪಾಯಿಯ 14 ವಿನ್ಯಾಸಗಳೂ ಸಲ್ಲುತ್ತವೆ ಅಂತ ರಿಸರ್ವ್ ಬ್ಯಾಂಕು 2018ರ ಜನವರಿಯಲ್ಲೇ ಹೇಳಿದೆ. ರೂಪಾಯಿ ಚಿಹ್ನೆ ನಾಣ್ಯಕ್ಕೆ ಬಂದಿದ್ದೇ 2011ರಲ್ಲಿ, ಹಳೆಯದರಲ್ಲಿ ಅದು ಇಲ್ಲ ಅಂತ ಜಗಳ ಯಾಕೆ? ಅಂತೂ ‘ಡೂಪ್ಲಿಕೇಟ್’ ಕೈಪಿಡಿಗೆ ಬೇಡ.

‘ದೋಷಪೂರಿತ ನಾಣ್ಯ’ ಅಂದರೆ ಕಚೇರಿ ಸುತ್ತೋಲೆ ಓದಿದ ಹಾಗಾಗುತ್ತದೆ. ‘ತಪ್ಪು ನಾಣ್ಯ’ ಅಂದರೆ ಮಕ್ಕಳಿಗೆ ಖೋಟಾ ಅಂತಲೇ ಕೇಳಿಸುತ್ತದೆ. ‘ಅಚ್ಚಿನ ತಪ್ಪು’ ನನಗೆ ಇಷ್ಟ. ಪುಸ್ತಕದ ಅಚ್ಚಿನ ತಪ್ಪು ಯಾರಿಗೆ ಗೊತ್ತಿಲ್ಲ? ನಾಣ್ಯಕ್ಕೆ ಚಿತ್ರ ಒತ್ತುವುದೂ ಅಚ್ಚೇ. ತೊಡಕು ಏನಂದರೆ, ಎಲ್ಲ ತಪ್ಪೂ ಅಚ್ಚಿನದಲ್ಲ.

ಅಚ್ಚಿನದೇ ತಪ್ಪು ಅಂದರೆ ಅಚ್ಚು ಬಿರುಕು ಬಿಡುವುದು. ಆ ಬಿರುಕಿನೊಳಕ್ಕೆ ಲೋಹ ನುಗ್ಗಿ ನಾಣ್ಯದ ಮೇಲೆ ಉಬ್ಬಿದ ಗೆರೆ ಮೂಡುತ್ತದೆ. ಮೊಳೆಯಿಂದ ಗೀಚಿದರೆ ಗೆರೆ ತಗ್ಗಿರುತ್ತದೆ. ಉಗುರು ಆಡಿಸಿದರೆ ಗೊತ್ತಾಗಿಬಿಡುತ್ತದೆ. ಮೊದಲನೆಯದಕ್ಕೆ ‘ಅಚ್ಚುಬಿರುಕು’, ಎರಡನೆಯದಕ್ಕೆ ‘ಗೀರು’ ಅಂತ ಬರೆದಿದ್ದೇನೆ. ಅಚ್ಚು ಸಡಿಲವಾಗಿ ತಿರುಗಿಕೊಳ್ಳುವುದೂ ಉಂಟು. ನಮ್ಮ ನಾಣ್ಯವನ್ನು ನೆಟ್ಟಗೆ ಹಿಡಿದು ಪಕ್ಕಕ್ಕೆ ಮಗುಚಿದರೆ ಹಿಂಬದಿಯೂ ನೆಟ್ಟಗಿರಬೇಕು. ವಾಲಿದ್ದರೆ ಅದು ‘ತಿರುಗಚ್ಚು’. ಎಷ್ಟು ಸವೆದರೂ, ಜಜ್ಜಿದರೂ ನಾಣ್ಯಕ್ಕೆ ಆ ವಾಲು ಬರುವುದಿಲ್ಲ.

ಇನ್ನು ಬಿಲ್ಲೆಯ ತಪ್ಪು. ಚಿತ್ರ ಒತ್ತುವ ಮುಂಚಿನ ಬೋಳು ತುಂಡಿಗೆ ‘ಬಿಲ್ಲೆ’ ಸಾಕು ಅಲ್ವಾ? ಲಟ್ಟಿಸಿದ ಹಿಟ್ಟಿನಿಂದ ಬಟ್ಟಲು ಒತ್ತಿ ಪೂರಿ ತೆಗೆಯುವ ಹಾಗೆ ತಗಡಿನಿಂದ ಬಿಲ್ಲೆ ಕತ್ತರಿಸುತ್ತಾರೆ. ಮೊದಲಿನ ತೂತಿನ ಮೇಲೇ ಮತ್ತೆ ಕತ್ತರಿ ಬಿದ್ದರೆ ಬಿಲ್ಲೆಯ ಅಂಚು ಕಚ್ಚಿದಂತಾಗುತ್ತದೆ. ಅಂಥದ್ದರಲ್ಲಿ ಕಚ್ಚಿದ ಜಾಗದ ನೇರ ಎದುರಿನ ಅಂಚು ಸಾಮಾನ್ಯವಾಗಿ ಮಂಕಾಗಿರುತ್ತದೆ, ಅಲ್ಲಿ ಅಂಚು ಕಟ್ಟುವಾಗ ಒತ್ತಡ ಸಾಲದೆ ಹೋಗಿರುತ್ತದೆ. ಆಮೇಲೆ ಯಾರೋ ಕತ್ತರಿಸಿದ್ದಾದರೆ ಎದುರಿನ ಅಂಚು ಚೆನ್ನಾಗಿಯೇ ಇರುತ್ತದೆ. ಇದಕ್ಕೆ ‘ಕಚ್ಚುಬಿಲ್ಲೆ’ ಅಂದರೆ ಹೇಗೆ?

ಮೂರನೆಯದು ಹೊಡೆತದ ತಪ್ಪು. ಸುತ್ತ ಹಿಡಿದುಕೊಳ್ಳುವ ಬಳೆ ಇಲ್ಲದೆ ಹೊಡೆತ ಬಿದ್ದರೆ ನಾಣ್ಯ ಅಗಲವಾಗಿ ಹರಡುತ್ತದೆ. ಹುಡುಗರು ರೈಲು ಹಳಿ ಮೇಲಿಟ್ಟದ್ದೂ ಅಗಲವಾಗುತ್ತದೆ. ಆದರೆ ಟಂಕಸಾಲೆಯದರಲ್ಲಿ ಅಕ್ಷರ ಚೂಪಾಗಿ ನಿಂತಿರುತ್ತದೆ, ಹಳಿಯದರಲ್ಲಿ ಅಳಿಸಿಹೋಗಿರುತ್ತದೆ. ಒಂದು ‘ಹರಡಿದ್ದು’, ಇನ್ನೊಂದು ‘ಚಪ್ಪಟೆಯಾದದ್ದು’ ಅಂತ ಬರೆದಿದ್ದೇನೆ. ನಿಮಗೆ ಆ ವ್ಯತ್ಯಾಸ ಕಿವಿಗೆ ಬೀಳುತ್ತದಾ?

ಖೋಟಾದ ಬಗ್ಗೆ ಜಾಸ್ತಿ ಬರೆದಿಲ್ಲ. ಎರಕ ಹೊಯ್ದದ್ದಾದರೆ ಮೈ ತರಿತರಿ, ಅಕ್ಷರ ಮೊಂಡು, ತೂಕವೂ ಹೊಂದುವುದಿಲ್ಲ. ಇಸವಿಯ ಕೆಳಗೆ ಗುರುತಿಲ್ಲ ಅಂತ ಮಾತ್ರ ಖೋಟಾ ಅನ್ನಬಾರದು. ನಕ್ಷತ್ರ ಹೈದರಾಬಾದಿನದು, ದುಂಡು ಚುಕ್ಕಿ ನೋಯ್ಡಾದ್ದು, ವಜ್ರದಾಕಾರ ಮುಂಬೈಯದು. ಕೋಲ್ಕತ್ತದವರು ಗುರುತು ಹಾಕುವುದೇ ಇಲ್ಲ.

ಅಚ್ಚಿನದು, ಬಿಲ್ಲೆಯದು, ಹೊಡೆತದ್ದು, ಈ ಮೂರೂ ಬಗೆಯ ತಪ್ಪನ್ನು ಸೇರಿಸಿ ‘ಕಮ್ಮಟದ ತಪ್ಪು’ ಅನ್ನಬಹುದಾ ಅನ್ನೋದು ನನ್ನ ಮುಖ್ಯ ಪ್ರಶ್ನೆ. ಕಮ್ಮಟ ಅಂದರೆ ಟಂಕಸಾಲೆಯೇ. ‘ಮರ್ತ್ಯಲೋಕವೆಂಬುದು ಕರ್ತಾರನ ಕಮ್ಮಟವಯ್ಯಾ’ ಅನ್ನುವ ಬಸವಣ್ಣನವರ ವಚನದಲ್ಲಿ ಮುಂದೆ ಬರುವ ‘ಸಲ್ಲುವರು’ ಕೂಡ ನಾಣ್ಯದ ಮಾತೇ. ಈಗ ಕಥಾಕಮ್ಮಟ, ರಂಗಕಮ್ಮಟ ಅಂತ ಬಳಸಿ ಬಳಸಿ ಮಕ್ಕಳು ಅದನ್ನು ಶಿಬಿರ ಅಂದುಕೊಳ್ಳುತ್ತಾರೆ. ಸುಮ್ನೆ ಹಳೇ ಪದ ಎಳೆದು ತರುವ ಆಸೆ ನನಗಿಲ್ಲ. ಆದರೆ ‘ಟಂಕಸಾಲೆಯ ತಪ್ಪು’ ಉದ್ದವಾಯಿತು ಅನ್ನಿಸುತ್ತಿದೆ. ಜನರ ಕೈಯಲ್ಲಿ ಕೆಟ್ಟದ್ದಕ್ಕೆ ‘ಸವಕಲು’ ಪೂರ್ತಿ ಸಾಲದು, ನೆಗ್ಗಿದ್ದು, ಬಗ್ಗಿದ್ದು, ಸುಟ್ಟದ್ದು ಅದರಲ್ಲಿ ಬರುವುದಿಲ್ಲ. ಸದ್ಯಕ್ಕೆ ‘ಕೈಕೆಟ್ಟದ್ದು’ ಅಂತ ಬರೆದಿದ್ದೇನೆ, ಒಪ್ಪಿಗೆಯಾಗಿಲ್ಲ.

ಇನ್ನೊಂದಕ್ಕೆ ಪದವೇ ಹೊಳೆದಿಲ್ಲ. ಒತ್ತಿದ ನಾಣ್ಯ ಅಚ್ಚಿಗೇ ಅಂಟಿ ಉಳಿದರೆ, ಮುಂದಿನ ಬಿಲ್ಲೆಯ ಮೇಲೆ ಅದೇ ಚಿತ್ರ ಉಲ್ಟಾ ಆಗಿ ಒಳಕ್ಕೆ ಒತ್ತಿಕೊಳ್ಳುತ್ತದೆ. ಎರಡು ನಾಣ್ಯ ಜೋಡಿಸಿ ವೈಸ್‌ನಲ್ಲಿ ಬಿಗಿದು ಹೀಗೆ ಮಾಡುವವರೂ ಇದ್ದಾರೆ, ಆಗ ಅಡಿಯಲ್ಲಿ ಮೊದಲಿನ ಚಿತ್ರದ ಉಳಿಕೆ ಕಾಣುತ್ತದೆ. ‘ಕನ್ನಡಿಯಚ್ಚು’ ಅನ್ನಬಹುದು, ಆದರೆ ತಗ್ಗಿರುವುದು ಆ ಪದದಲ್ಲಿ ಬರಲಿಲ್ಲ. ಅಕ್ಕಸಾಲಿಗರ ಮನೆಗಳಲ್ಲಿ, ಎರಕದ ಕೆಲಸದವರಲ್ಲಿ ಇಂಥದ್ದಕ್ಕೆ ಮಾತು ಇರಬಹುದು. ಕೇಳಿದ್ದರೆ ದಯವಿಟ್ಟು ತಿಳಿಸಿ. ಯಾವ ಊರಿನ ಕಡೆಯ ಮಾತು ಅಂತಲೂ ಬರೆಯಿರಿ.