ಜಾತಕ ಕೂಡಿಲ್ಲ, ಫೈಟಿಗೆ ಅಡ್ಡಿಯಿಲ್ಲ

"ತೋಳು 4 ಇಂಚು ಉದ್ದ, ತೂಕ 20 ಪೌಂಡ್ ಜಾಸ್ತಿ, ವಯಸ್ಸು 6 ವರ್ಷ ಕಮ್ಮಿ. ಬೆಲ್ಟ್ ಇವನದ್ದೇ!" ಮಾಟುಂಗದ ಶೆಟ್ರ ಹೋಟೆಲಲ್ಲಿ ಸುರೇಶ ಮೊಬೈಲನ್ನು ಕಾಫಿ ಲೋಟಕ್ಕೆ ಒರಗಿಸಿ ತೀರ್ಪು ಕೊಟ್ಟ.

ಕುಲಕರ್ಣಿ ಮಾಸ್ತರು ಬಗ್ಗಿ ನೋಡಿದರು. "ಗೋತ್ರ ಯಾಕ ಬರದಿಲ್ಲಪಾ?"

"ಬಾಕ್ಸಿಂಗಿನ ಹೆವಿವೇಟ್ ಟೈಟಲ್ ಫೈಟ್ ಮಾಸ್ತರೇ. ಇಬ್ಬರ ಅಳತೆ ಪಟ್ಟಿ, 'ಟೇಪ್' ಅಂತಾರೆ. ಇದು ಡೇಟಾ!"

"ಜಾತಕನಪಾ ಇದು. ತೋಳಿನ ಅಳತಿ ಹೆಂಗ ತಗೀತಾರ? ಎರಡೂ ಕೈ ಅಗಲ ಚಾಚಿ, ಈ ಬೆರಳತುದಿಯಿಂದ ಆ ಬೆರಳತುದಿ ತನಕ. ನಡುವಿನ ಎದಿನೂ ಲೆಕ್ಕಕ್ಕ ಬಂತು. ರಿಂಗಿನ್ಯಾಗ ಎದಿಲೇ ಹೊಡೀತಾನೇನು? ಬೆರಳಂತೂ ಮಡಚಿ ಗ್ಲೋವಿನ್ಯಾಗ ಹೋದ್ವು."

"ತೂಕವಾದ್ರೂ ಸರಿ ಇರ್ತದಲ್ಲ ಮಾರಾಯ್ರೆ?" ಗಲ್ಲಾದಿಂದ ಶೆಟ್ರು.

"200 ಪೌಂಡ್ ದಾಟಿದ ಮ್ಯಾಲ ಮಿತೀನೇ ಇಲ್ರಿ. ಪ್ಯಾಂಟು, ಬೂಟು ಸಮೇತ ತಕ್ಕಡಿ ಹತ್ತಿದ್ರೂ ನಡೀತದ. 2024ರ ಡಿಸೆಂಬರ್‌ನಾಗ ಬಾಕ್ಸರ್ ಫ್ಯೂರಿ 281 ಪೌಂಡ್, ಎದುರಾಳಿ ಉಸಿಕ್ 226. ತೋಳು 85 ಇಂಚಿಗೆ 78. ಫ್ಯೂರಿಗೆ 36ಕ್ಕ 36 ಗುಣ! ಮೂರೂ ಜಡ್ಜರು 116-112 ಅಂಕ ಅಂತ ಉಸಿಕ್‌ಗೆ ಬರದ್ರು."

"ಅದು ಹೇಗೆ?"

"ಉಸಿಕ್ ಎಡಗೈಯವ, ಬಲಗಾಲು ಮುಂದ. ಆ ಕಾಲು ಎದುರಿನವನ ಎಡಗಾಲಿನ ಹೊರಗ ಊರಿದ ಅಂದ್ರ ಎಡಗೈಗೆ ನೆಟ್ಟಗ ದಾರಿ. ಎದುರಿನವ ಹಿಂದ ಸರದ್ರ ಅವನ 85 ಇಂಚು ಗಾಳಿ ಅಳೀತದ. ಸುರೇಶನ ಜಾತಕದಾಗ ಕಾಲಿಗೆ ಮನೀನೇ ಇಲ್ಲ."

"1990, ಟೋಕಿಯೋ!" ಸುರೇಶ ಎದ್ದು ನಿಂತ. "ಡಗ್ಲಸ್ 83 ಇಂಚು, ಟೈಸನ್ 71. ಹತ್ತನೇ ರೌಂಡಲ್ಲಿ ಟೈಸನ್ ನಾಕೌಟ್. ಟೇಪ್ ಹೇಳಿದ್ದೇ ಆಯ್ತಲ್ಲ?"

ಮಾಸ್ತರು ಸಿಕ್ಕಿಬಿದ್ದರು. ಕಾಫಿ ಗುಟುಕರಿಸಿ ಪಾರಾದರು. "ಖರೆ. ಡಗ್ಲಸ್‌ನ ಜಾಬ್, ಅಂದ್ರ ಮುಂದಿನ ಕೈಯ ನೇರ ಏಟು, ದಾಟಿ ಒಳಗ ಹೋಗ್ಲಿಕ್ಕೆ ಟೈಸನ್‌ಗೆ ಆಗಲಿಲ್ಲ. ಆದ್ರ ಆ ಟೇಪು ಎಲ್ಲಾರ ಕಣ್ಣ ಮುಂದೇ ಇತ್ತಲ್ಲೋ! ಡಗ್ಲಸ್ ಗೆದ್ರ ಒಂದಕ್ಕ 42 ಅಂತ ಯಾಕ ನಡೀತು ಬಾಜಿ? ಅವನ ತಾಯಿ ತೀರಿ ಮೂರು ವಾರ ಆಗಿತ್ತು. ಅದನ್ನ ಯಾವ ಕಾಲಮಿನ್ಯಾಗ ಬರೀತಿ?"

ಸುರೇಶ ಕೂತ.

"ಅದೇ ಟೈಸನ್ 2024ರಾಗ, 58 ವರ್ಷಕ್ಕ, ಯೂಟ್ಯೂಬಿನಿಂದ ಬಾಕ್ಸಿಂಗಿಗೆ ಬಂದ 27ರ ಜೇಕ್ ಪಾಲ್ ಮುಂದ ನಿಂತ. ತೋಳು ಅದೇ 71 ಇಂಚು, ಒಂದು ನೂಲೂ ಕಡಿಮಿ ಆಗಿದ್ದಿಲ್ಲ. ಎಂಟು ರೌಂಡಿಗೆ ಟೈಸನ್ ಹೊಡೆದದ್ರಾಗ ತಾಗಿದ್ದು 18 ಏಟು. ಮೊದಲ ಕಾಲು ಹೋಗ್ತಾವಪಾ…" ಮಾಸ್ತರು ಮೇಜಿನಡಿ ಮೊಣಕಾಲು ಒತ್ತಿಕೊಂಡರು. ದಾದರ್ ಸ್ಟೇಷನ್ನಿನ ಮೆಟ್ಟಿಲು ಅವರಿಗೆ ದಿನವೂ ಟೈಟಲ್ ಫೈಟ್.

"ಹಾಗಾದ್ರೆ ಈ ಸಲ ಯಾರು?" ಸುರೇಶನ ದನಿ ಇಳಿದಿತ್ತು. "ಆಫೀಸಲ್ಲಿ ಬೆಟ್ ಕಟ್ಟಿಬಿಟ್ಟಿದ್ದೇನೆ, ಉದ್ದ ತೋಳಿನವನ ಮೇಲೆ."

"ಎದುರಿನವ ಎಡಗೈಯವನೋ, ಬಲಗೈಯವನೋ?"

ಸುರೇಶ ಬೆರಳಿಂದ ಪರದೆ ಸರಿಸಿದ. ಕೊನೇ ಸಾಲು ಅಲ್ಲಿಯವರೆಗೆ ಯಾರೂ ಓದಿರಲಿಲ್ಲ. "ಎಡಗೈ."

"ಬೆಟ್ ಎಷ್ಟು?" ಶೆಟ್ರು ಕೇಳಿದರು.

"ಎಂಟು ಜನಕ್ಕೆ ಮಸಾಲೆ ದೋಸೆ."

"ಮಾರಾಯ್ರೆ, ಜಾತಕ ನನಗೇ ಕೂಡಿಬಂತು!"